ತೊರೊಂಗ್ ಲಾ ದಾಟಲು ನಾನು ಹಾಕಿಕೊಳ್ಳುವ ಲೆಕ್ಕ

ನೇಪಾಳದ ಮುಕ್ತಿನಾಥಕ್ಕೆ ನಮ್ಮ ಕಡೆಯ ಯಾತ್ರಿಕರು ಜೊಮ್ಸೊಮ್ ದಾರಿಯಲ್ಲಿ ಗಾಡಿ ಮಾಡಿಕೊಂಡು ಹೋಗಿಬರುತ್ತಾರೆ. ಅದೇ ಊರಿಗೆ ಮನಾಂಗ್ ಕಡೆಯಿಂದ ನಡೆದು ಬರುವವರು 5,416 ಮೀಟರ್ ಎತ್ತರದ ತೊರೊಂಗ್ ಲಾ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ದಾಟಬೇಕು. ಇದಕ್ಕೆ ಪ್ಲಾನ್ ಮಾಡುವಾಗ ನಾನು ದಿನಕ್ಕೆಷ್ಟು ಕಿಲೋಮೀಟರ್ ಎಂದು ನೋಡುವುದೇ ಇಲ್ಲ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುವುದು ಎಂಬುದೊಂದನ್ನೇ ಪಾಸ್‌ನಿಂದ ಹಿಂದಕ್ಕೆ ಬರೆಯುತ್ತಾ ಬರುತ್ತೇನೆ.

ಎತ್ತರದ ತೆಳು ಗಾಳಿಗೆ ಮೈ ಒಗ್ಗಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು. ಹತ್ತಿಪ್ಪತ್ತು ಮೀಟರ್ ಆಚೀಚೆ ಆದರೆ ಪರವಾಗಿಲ್ಲ. ಪಾಸ್‌ನ ಬುಡದ ತೊರೊಂಗ್ ಫೇದಿ ಸುಮಾರು 4,500; ಹಿಂದಿನ ರಾತ್ರಿ ಯಾಕ್ ಖರ್ಕಾ, 4,050; ಅದಕ್ಕೂ ಮೊದಲು ಮನಾಂಗ್, 3,540. ಮನಾಂಗ್‌ನಲ್ಲಿ ಕನಿಷ್ಠ ಎರಡು ರಾತ್ರಿ. ನಡುವಿನ ಹಗಲು ಸುಮ್ಮನೆ ಕೂರದೆ ಐಸ್ ಲೇಕ್ ಕಡೆಗೆ ಆದಷ್ಟು ಹತ್ತಿ, ಸಂಜೆಗೆ ಇಳಿದು ಬಂದು ಮಲಗುತ್ತೇನೆ.

ಈಗ ಬೇಸಿಸಹರ್‌ನಿಂದ ಮನಾಂಗ್‌ವರೆಗೂ ಜೀಪ್ ಓಡುತ್ತದೆ. ರಜೆ ಉಳಿಯುತ್ತದೆಂದು ಹತ್ತಿದರೆ 760 ಮೀಟರಿನಿಂದ ಒಂದೇ ಏಟಿಗೆ 3,540. ತಲೆನೋವು, ವಾಕರಿಕೆ ಶುರುವಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನ ಜೀಪು ಚಾಮೆಗೇ (2,670) ನಿಲ್ಲುತ್ತದೆ. ಅಲ್ಲಿಂದ ಅಪ್ಪರ್ ಪಿಸಾಂಗ್ ಮೂಲಕ ಮನಾಂಗ್‌ಗೆ ನಡಿಗೆ. ಫೇದಿ ಬಿಟ್ಟು 4,880ರ ಹೈಕ್ಯಾಂಪ್‌ನಲ್ಲಿ ಮಲಗಿದರೆ ಮರುದಿನದ ಏರು ಕಡಿಮೆಯಾಗುತ್ತದೆ, ನಿಜ. ಆದರೆ ಯಾಕ್ ಖರ್ಕಾದಿಂದ ನೇರ ಅಲ್ಲಿಗೆ ಹೋದರೆ ಒಂದೇ ದಿನ 800 ಮೀಟರ್ ಏರಿದಂತೆ. ನಾನು ಫೇದಿಯಲ್ಲೇ ಉಳಿಯುತ್ತೇನೆ.

ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳುವುದಾದರೆ ಮುಂಜಾಗ್ರತೆಗೆ ಸಾಮಾನ್ಯ ಡೋಸ್ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರಲು ಶುರು ಮಾಡುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೆರಳು ಜುಮುಜುಮು ಅನ್ನುತ್ತದೆ, ಮೂತ್ರ ಹೆಚ್ಚುತ್ತದೆ. ಅದಕ್ಕೆ ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಬೇರೆ: ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದೆ ವಾಲುವುದು, ಕೂತಲ್ಲೇ ಏದುಸಿರು. ಎರಡರಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಸಬೇಕು.

ಪಾಸ್‌ನ ದಿನ ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವುದು. ಹೊತ್ತೇರಿದಂತೆ ಮೇಲೆ ಗಾಳಿ ಜೋರಾಗುತ್ತದೆ. ಬೆನ್ನಚೀಲದ ನೀರು ಕುಡಿಯುವ ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದರಿಂದ ಬಾಟಲಿಯೇ ವಾಸಿ. ಅದನ್ನೂ ತಲೆಕೆಳಗಾಗಿ ಇಡುತ್ತೇನೆ: ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಕೆಳಗಿರುವ ಬಾಯಿ ಕಟ್ಟಿಕೊಳ್ಳುವುದಿಲ್ಲ. ಫೋನು, ಟಾರ್ಚಿನ ಬ್ಯಾಟರಿ ರಾತ್ರಿಯಿಡೀ ಸ್ಲೀಪಿಂಗ್ ಬ್ಯಾಗಿನೊಳಗೆ. ಏರು 900 ಮೀಟರಿನ ಆಸುಪಾಸು, ಆಚೆ ಇಳಿತ ಮಾತ್ರ 1,600. ಮಂಡಿ ಕೈಕೊಡುವುದು ಈ ಇಳಿತದಲ್ಲೇ. ಎರಡು ಟ್ರೆಕ್ಕಿಂಗ್ ಕೋಲು, ಹಿಮದಲ್ಲಿ ಜಾರದಂತೆ ಬೂಟಿಗೆ ಹಾಕುವ ಮೈಕ್ರೋಸ್ಪೈಕ್ಸ್ ಬಿಟ್ಟು ಹೋಗುವುದಿಲ್ಲ.

ಅಕ್ಟೋಬರ್ ಒಳ್ಳೆಯ ಕಾಲವೇ. ಆದರೆ 2014ರ ಅಕ್ಟೋಬರ್ 12ಕ್ಕೆ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಶೇಷ 14ಕ್ಕೆ ಇಲ್ಲಿ ಹಿಮಬಿರುಗಾಳಿಯಾಗಿ, ಈ ಅನ್ನಪೂರ್ಣಾ ಸುತ್ತಿನ ಆಸುಪಾಸಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಮನಾಂಗ್ ಬಿಡುವ ಮುನ್ನ ಬಂಗಾಳಕೊಲ್ಲಿಯ ಸುದ್ದಿ ನೋಡುತ್ತೇನೆ. ವಾಪಸ್ ಟಿಕೆಟ್‌ಗೆ ಎರಡು ದಿನ ಖಾಲಿ ಬಿಟ್ಟಿರುತ್ತೇನೆ. ಆ ಎರಡು ದಿನ ಪೋಖರಾದಲ್ಲಿ ಸುತ್ತಾಡಲಿಕ್ಕಲ್ಲ, ಫೇದಿಯಲ್ಲೋ ಮನಾಂಗ್‌ನಲ್ಲೋ ಮೋಡ ಸರಿಯುವವರೆಗೆ ಕಾಯಲಿಕ್ಕೆ.