ಪುದಿನಾ ಎಲೆ ತಿರುವಿ ನೋಡಿ

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿಯಿತೆಂದರೆ ಬಿಸಿಲು ಏರಿತು ಅಂತಲೇ ಲೆಕ್ಕ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ನಮ್ಮ ಮಾಳಿಗೆಯ ಮೇಲೆ ಪುದಿನಾ ಉಳಿಯುವುದಿಲ್ಲ. ಅದಕ್ಕೇ ನಾನು ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ಬೆಳೆಸುತ್ತೇನೆ. ಬೆಳಿಗ್ಗೆ ಮೂರು ತಾಸು ಎಳೆ ಬಿಸಿಲು ಸಾಕು. ಪಶ್ಚಿಮದ ಕಿಟಕಿ ಬೇಡವೇ ಬೇಡ, ಎಲೆ ಸುಟ್ಟುಹೋಗುತ್ತದೆ.

ಕುಂಡಕ್ಕೆ ನಮ್ಮ ಎರೆ ಮಣ್ಣನ್ನು ಹಾಗೇ ತುಂಬಬೇಡಿ. ತೊಗರಿಗೆ ಅದು ಬಂಗಾರ. ಆದರೆ ಕುಂಡದಲ್ಲಿ ಹಸಿ ಇದ್ದಾಗ ಬೇರಿಗೆ ಗಾಳಿ ಬಿಡದು, ಒಣಗಿದರೆ ಬಿರಿಯುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿ ಗೊಬ್ಬರ ಹಾಕಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಪುದಿನಾಕ್ಕೆ ಬೀಜ ಬೇಕಿಲ್ಲ. ಬಜಾರಿನಿಂದ ತಂದ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿಡಿ. ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಕೊತ್ತಂಬರಿ ಸೆಕೆಗೆ ಬೇಗ ಹೂ ಬಿಡುತ್ತದೆ, ಅದನ್ನು ದೀಪಾವಳಿ ಆದಮೇಲೆ ಬಿತ್ತಿ.

ಈಗ ಹುಳದ ಮಾತು. ಹೋದ ಬೇಸಿಗೆಯಲ್ಲಿ ನನ್ನ ಪುದಿನಾ ಮಂಕಾಯಿತು. ಎಲೆ ತುಂಬಾ ಸಣ್ಣ ಸಣ್ಣ ಬಿಳಿ ಚುಕ್ಕೆ. ನೀರು ಸಾಲುತ್ತಿಲ್ಲ ಅಂತ ಜಾಸ್ತಿ ಹಾಕಿದೆ, ಬೇರು ಕೊಳೆಯತೊಡಗಿತು. ಊರಿಂದ ಬಂದ ಅವ್ವ ಕುಂಡ ನೋಡಿದವಳೇ, "ಎಲಿ ತಿರುವಿ ನೋಡಿಯೇನವ್ವಾ?" ಅಂದಳು. ಎಲೆಯ ಅಡಿ ತೆಳುವಾದ ಬಲೆ ಇತ್ತು. ಜೇಡ ನುಸಿ! ಒಣ ಬಿಸಿ ಗಾಳಿಯೆಂದರೆ ಅದಕ್ಕೆ ಹಬ್ಬ, ಹಾಗಾಗಿ ನಮ್ಮ ಕಡೆ ಇದರದೇ ಕಾಟ ಹೆಚ್ಚು. ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಕೊಂಬೆ ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿಯೇ.

ಮೊದಲು ಹೆಚ್ಚು ಕೆಟ್ಟ ಕಡ್ಡಿಗಳನ್ನು ಎರಡು ಬೆರಳು ಉಳಿಸಿ ಕತ್ತರಿಸಿ. ಹೆದರಬೇಡಿ, ಪುದಿನಾ ಮತ್ತೆ ಚಿಗುರುತ್ತದೆ. ಉಳಿದ ಎಲೆಗಳ ಅಡಿಗೆ ನಲ್ಲಿ ನೀರು ಬಿಟ್ಟು ತೊಳೆಯಿರಿ. ಆಮೇಲೆ 1 ಲೀಟರ್ ಉಗುರು ಬೆಚ್ಚಗಿನ ನೀರಿಗೆ 5 ಮಿಲೀ ಬೇವಿನ ಎಣ್ಣೆ, ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ. ಸೋಪು ಇಲ್ಲದಿದ್ದರೆ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಮೊದಲ ದಿನ ಒಂದೇ ಎಲೆಗೆ ಹೊಡೆದು ನೋಡಿ. ಸುಡದಿದ್ದರೆ ಮರುದಿನ ಸಂಜೆ ಇಡೀ ಗಿಡಕ್ಕೆ, ಮುಖ್ಯವಾಗಿ ಎಲೆಯ ಅಡಿಗೆ ಹೊಡೆಯಿರಿ. ಮೊಟ್ಟೆಗಳು ಉಳಿದು ಮತ್ತೆ ಮರಿಯಾಗುತ್ತವೆ, ಅದಕ್ಕೇ ಐದು ದಿನಕ್ಕೊಮ್ಮೆ ಮೂರು ಸಲ ಬೇಕು. ನಾನು ಒಂದೇ ಸಲಕ್ಕೆ ನಿಲ್ಲಿಸಿದ್ದೆ, ವಾರದಲ್ಲಿ ಬಲೆ ಮತ್ತೆ ಬಂತು. ಎಣ್ಣೆ ಬಿದ್ದ ಎಲೆಯನ್ನು ಚಟ್ನಿಗೆ ಹಾಕಬೇಡಿ, ಹೊಸ ಚಿಗುರಿಗೆ ಕಾಯಿರಿ.

ಇರುವೆ ಗಿಡ ಹತ್ತುತ್ತಿದ್ದರೆ ಕುಡಿಯಲ್ಲಿ ಸಸ್ಯ ಹೇನು ಇದೆಯಾ ನೋಡಿ, ಅದರ ಸಿಹಿ ಅಂಟಿಗೇ ಇರುವೆ ಬರುತ್ತದೆ. ದೊಡ್ಡಪತ್ರೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂತಿದ್ದರೆ ಹಿಟ್ಟು ತಿಗಣೆ. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಾಗಿ ಒರೆಸಿ, ತಿನ್ನುವ ಮುಂಚೆ ಆ ಎಲೆ ತೆಗೆದುಬಿಡಿ.

ನರ್ಸರಿಯಿಂದ ಹೊಸ ಗಿಡ ತಂದರೆ ಎರಡು ವಾರ ಬೇರೆ ಕೋಣೆಯಲ್ಲೇ ಇರಲಿ.