ಹೊಲದ ಕೂಲಿಗಳ ಹಳೇ ಫೋಟೊ ಓದುವುದು ಹೇಗೆ?

ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತೇವೆ. ಆ ಕಟ್ಟು ಕಟ್ಟಿದವರಿಗೆ ಎಷ್ಟು ಸಿಕ್ಕಿತು ಅಂತ ಕೇಳುವುದಿಲ್ಲ, ಅಲ್ವಾ? 1930ರ ದಶಕದಲ್ಲಿ ಅಮೆರಿಕ ಸರ್ಕಾರ ಕಳಿಸಿದ ಫೋಟೊಗ್ರಾಫರ್‌ಗಳು ಹೊಲಗಳಿಗೇ ಹೋಗಿ ಅದನ್ನೂ ಬರೆದುಕೊಂಡು ಬಂದರು. ಆ ಫೋಟೊಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಿನಲ್ಲಿವೆ. ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು.

ಮೊದಲು ಹುಡುಕಾಟ. ಸುಮ್ನೆ ‘ವಲಸೆ ಕಾರ್ಮಿಕರು’ ಅಂದರೆ ಸಾವಿರಾರು ಬಂದು ತಲೆ ಕೆಡುತ್ತದೆ. ಆ ಫೋಟೊಗ್ರಾಫರ್‌ಗಳಲ್ಲಿ ಒಬ್ಬರಾದ ಡೊರೊಥಿಯಾ ಲ್ಯಾಂಗ್ ಹೆಸರಿನ ಜೊತೆ ಜಾಗದ ಹೆಸರು ಹಾಕಿ: ಇಂಪೀರಿಯಲ್ ವ್ಯಾಲಿ ಅಥವಾ ಸಲಿನಾಸ್. ಎರಡೂ ಕ್ಯಾಲಿಫೋರ್ನಿಯಾದವು. ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.

ಆಮೇಲೆ, ಮುಖ ನೋಡುವ ಮೊದಲು ಅಡಿಬರಹ ಓದಿ. ನನ್ನ ಪ್ರಕಾರ ಅರ್ಧ ಫೋಟೊ ಇರುವುದೇ ಅಲ್ಲಿ. 1939ರ ಫೆಬ್ರುವರಿಯಲ್ಲಿ ಇಂಪೀರಿಯಲ್ ವ್ಯಾಲಿಯ ಮೆಲೋಲ್ಯಾಂಡ್ ಹತ್ತಿರ ಲ್ಯಾಂಗ್ ತೆಗೆದ ಕ್ಯಾರೆಟ್ ಹೊಲದ ಫೋಟೊ ತೆಗೆದುಕೊಳ್ಳಿ. ಮೆಕ್ಸಿಕನ್ನರೂ ಬಿಳಿಯರೂ ಕೀಳಬೇಕು, ಶುಚಿ ಮಾಡಬೇಕು, ಕಟ್ಟಬೇಕು, ತುಂಬಬೇಕು. 48 ಕಟ್ಟಿನ ಒಂದು ಕ್ರೇಟಿಗೆ 11 ಸೆಂಟ್. ಲೆಕ್ಕ ಹಾಕಿದೆ: 9 ಕ್ರೇಟ್, ಅಂದರೆ 432 ಕಟ್ಟು ಕಟ್ಟಿದರೂ 99 ಸೆಂಟ್. ಡಾಲರಿಗೆ ಇನ್ನೂ ಒಂದು ಸೆಂಟ್ ಕಮ್ಮಿ! ದಿನಕ್ಕೆ ಒಂದು ಡಾಲರ್ ದುಡಿಯುವುದೂ ಹಲವರಿಗೆ ಕಷ್ಟ ಅಂತ ಲ್ಯಾಂಗ್ ಅಲ್ಲೇ ಬರೆದಿದ್ದಾರೆ.

ಈಗ ದೊಡ್ಡ ಫೈಲ್ ಇಳಿಸಿಕೊಂಡು ಜೂಮ್ ಮಾಡಿ. ಕೈ, ಬೆನ್ನು, ಹತಾರ ನೋಡಿ. 1935ರ ಸಲಿನಾಸ್ ಫೋಟೊದಲ್ಲಿ ಲೆಟ್ಯೂಸ್ ಕೊಯ್ಯುವ ಫಿಲಿಪಿನೊ ಆಳುಗಳನ್ನು ನೋಡಿದರೆ ನಮ್ಮ ಸೊಂಟವೇ ನೋಯುತ್ತದೆ. ಹೀಗೇ ಬಗ್ಗಿ ಕೆಲಸ ಮಾಡಿಸುತ್ತಿದ್ದ ಗಿಡ್ಡ ಹಿಡಿಯ ಗುದ್ದಲಿಯನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1975ರಲ್ಲಿ.

ಪಕ್ಕದ ಫ್ರೇಮುಗಳನ್ನೂ ನೋಡಿ, ಅದಕ್ಕೆ ಅಲ್ಲೇ ಲಿಂಕ್ ಇದೆ. ಕೆಲವದರ ನಡುವೆ ನಾಣ್ಯದಂಥ ಕಪ್ಪು ಚುಕ್ಕೆ ಕಾಣುತ್ತದೆ. ಮಾನಿಟರ್ ಒರೆಸಬೇಡಿ. ಬೇಡವಾದ ನೆಗೆಟಿವ್‌ಗಳಿಗೆ ಈ ಫೋಟೊಗ್ರಾಫರ್‌ಗಳ ಮುಖ್ಯಸ್ಥ ರಾಯ್ ಸ್ಟ್ರೈಕರ್ ಹೊಡೆಸಿದ ತೂತು ಅದು.

ಅಡಿಬರಹದಲ್ಲಿ ಕೂಲಿಯ ದರ ಇರುತ್ತದೆ, ಹೆಸರು ಹೆಚ್ಚಾಗಿ ಇರುವುದಿಲ್ಲ. ಲ್ಯಾಂಗ್ 1936ರಲ್ಲಿ ತೆಗೆದ ಪ್ರಸಿದ್ಧ ಫೋಟೊ ‘ವಲಸೆ ತಾಯಿ’ಯಲ್ಲಿರುವ ಹೆಂಗಸಿನ ಹೆಸರು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ.

ನಮ್ಮ ಮನೆಯಲ್ಲೂ ಒಂದು ಫೋಟೊ ಇದೆ. ಚಿಕ್ಕಮಗಳೂರಿನ ತೋಟಕ್ಕೆ ಕಾಫಿ ಹಣ್ಣು ಕೊಯ್ಯಲು ಬಂದವರ ಸಾಲು. ಹಿಂದೆ ಸ್ಟುಡಿಯೊ ಸೀಲ್ ಬಿಟ್ಟರೆ ಏನಿಲ್ಲ. ಅಮ್ಮನಿಗೆ ಇಬ್ಬರ ಹೆಸರು ನೆನಪಿತ್ತು. ಮೆತ್ತನೆ ಪೆನ್ಸಿಲಿನಲ್ಲಿ ಹಿಂದೆ ಬರೆದಿಟ್ಟೆ. ಬಾಲ್ ಪೆನ್ ಬೇಡ, ಒತ್ತಿದರೆ ಮುಖದ ಮೇಲೆ ಗೀರು ಮೂಡುತ್ತದೆ.