ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸಾಮಾನುಗಳಿಗೊಂದು ಜಾಗ
ವಿಜಯಪುರದ ಮನೆಗಳಲ್ಲಿಯೂ ಮಗುವನ್ನು ಶಾಲೆಗೆ ಸಿದ್ಧಗೊಳಿಸುವ ಹೊತ್ತು ಹೆಚ್ಚಾಗಿ ಹಾಳಾಗುವುದು ಕಾಲುಚೀಲ, ನೀರಿನ ಬಾಟಲಿ ಮತ್ತು ಗುರುತಿನ ಚೀಟಿಯ ಹುಡುಕಾಟದಲ್ಲಿ; ಆದ್ದರಿಂದ ಈ ಮೂರನ್ನೂ ಹಿಂದಿನ ರಾತ್ರಿಯೇ ಬಾಗಿಲ ಬಳಿಯ ಒಂದೇ ಬುಟ್ಟಿಯಲ್ಲಿ ಇರಿಸಬೇಕು. ಬುಟ್ಟಿ ಮಗುವಿನ ಕೈಗೆಟಕುವಂತಿರಲಿ, ಮುಚ್ಚಳ ಬೇಡ. ಮುಚ್ಚಳವಿದ್ದರೆ ಮಕ್ಕಳು ಸಾಮಾನನ್ನು ಅದರ ಮೇಲೆಯೇ ಇಟ್ಟು ಹೋಗುತ್ತಾರೆ (ದೊಡ್ಡವರೂ ಅಷ್ಟೇ). ಓದಲು ಬಾರದ ಮಗುವಿಗಾಗಿ ಬುಟ್ಟಿಯ ಮೇಲೆ ಚಿತ್ರ ಅಂಟಿಸಿದರೆ ಸಾಕು.

ಹಳೆಯ ಮನೆಗಳ ಗೋಡೆಯಲ್ಲಿರುವ ಮಾಡಗಳು ಆಟಿಕೆಗಳಿಗೆ ಒಳ್ಳೆಯ ಜಾಗ, ಔಷಧಿಗಳಿಗಲ್ಲ. ಔಷಧಿಗಳನ್ನು ಎತ್ತರದ, ಬೀಗವಿರುವ ಕಪಾಟಿನಲ್ಲಿಡಬೇಕು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ ಬಿಸಿಲು ಬೀಳುವ ಕಿಟಕಿಯ ಬಳಿಯಂತೂ ಇಡಲೇಬಾರದು.

ಮಗುವಿಗೆ ಚಿಕ್ಕದಾದ ಬಟ್ಟೆಗಳನ್ನು ಕೌದಿಗೆಂದು ಗಂಟು ಕಟ್ಟಿಡಬಹುದು, ಆದರೆ ಒಂದೇ ಗಂಟು.